ಗಣಕಯಂತ್ರದ ಖಾತೆಪಟ್ಟಿ: ದಾಖಲೆಯ ದೃಷ್ಟಿಯಿಂದ ಒಂದು ವಿಮರ್ಶೆ

ಇತಿಹಾಸದ ಅಭ್ಯಾಸಿಗಳು ಓದುವ ಪತ್ರಿಕೆಯಲ್ಲಿ, ಗಣಕಯಂತ್ರದೊಳಗೆ ಹೊಸ ಬಳಕೆದಾರನ ಖಾತೆಯನ್ನು ತೆರೆಯುವ ವಿಷಯಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಯಾವುದೊಂದು ಬರಹ ಕೈಸೇರಿದೊಡನೆ ಸಂಶೋಧಕನು ಮೊದಲು ಕೇಳುವುದು ‘ಇದನ್ನು ಬರೆದವರಾರು?’ ಎಂದಲ್ಲವೆ? ಶಾಸನದ ಕೊನೆಯಲ್ಲಿ ಬರೆದ ಸೇನಬೋವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ದೊರೆತಾಗ ನಾವು ಹಿಗ್ಗುವುದು ಇದೇ ಕಾರಣಕ್ಕಾಗಿ. ಇಂದು ಕಾಲೇಜುಗಳಲ್ಲಿ ಹಳೆಯ ಕಾಗದಪತ್ರಗಳ ಪ್ರತಿಗಳು ಗಣಕದಲ್ಲಿಯೇ ಸಿದ್ಧವಾಗುತ್ತಿವೆ. ಅಲ್ಲಿ ಬರೆದವನ ಹೆಸರನ್ನು ಹೇಳಬೇಕಾದುದು ಯಂತ್ರದ ಖಾತೆಪಟ್ಟಿ. ಆ ಪಟ್ಟಿಯನ್ನು ನಮ್ಮಲ್ಲಿ ಹೇಗೆ ಬರೆಯುತ್ತಿದ್ದಾರೆ, ಬರೆಯಲು ಕಲಿಸುವ ಕೈಪಿಡಿಗಳು ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರ ಎದುರಾದ ಸಂದರ್ಭವನ್ನು ಮೊದಲು ಹೇಳುವುದು ಲೇಸು. ವಿಜಯಪುರ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದ, ಅದಕ್ಕೂ ಹಿಂದಣ ಪೇಶವೆಗಳ ಕಾಲದ ಮೋಡಿ ಲಿಪಿಯ ಕಾಗದಗಳು ಈ ಭಾಗದ ಕೆಲವು ಮನೆತನಗಳಲ್ಲಿ ಇನ್ನೂ ಉಳಿದಿವೆ. ಸಿಂದಗಿ ತಾಲೂಕಿನ ಮೋರಟಗಿಯ ಕಡೆಯಿಂದ ಬರುವ ಕೆಲವು ವಿದ್ಯಾರ್ಥಿಗಳು ಇಂಥದೊಂದು ಕಟ್ಟನ್ನು ತಮ್ಮ ಕಾಲೇಜಿಗೆ ತಂದು, ಲಿನಕ್ಸ್ ವ್ಯವಸ್ಥೆಯುಳ್ಳ ಗಣಕದಲ್ಲಿ ಅದರ ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಒಂದು ಪಾಲುಪತ್ರಕ್ಕೆ ಎರಡು ಪ್ರತಿಗಳಾದವು. ಒಂದರಲ್ಲಿ ಪಾಲು ಕಾಲು, ಇನ್ನೊಂದರಲ್ಲಿ ಅರ್ಧ. ಹಳೆಯ ಲೆಕ್ಕದ ಬರವಣಿಗೆಯಲ್ಲಿ ಒಂದು ನಿಲುಗೆರೆ ಕಾಲನ್ನೂ ಎರಡು ನಿಲುಗೆರೆಗಳು ಅರ್ಧವನ್ನೂ ಸೂಚಿಸುತ್ತವೆ. ಮಾಸಿದ ಕಾಗದದಲ್ಲಿ ಎರಡನೆಯ ಗೆರೆ ಒಬ್ಬರಿಗೆ ಕಂಡು ಮತ್ತೊಬ್ಬರಿಗೆ ಕಾಣದಿರುವುದು ಸಹಜ. ಮೂಲವನ್ನೇ ನೋಡೋಣವೆಂದರೆ ಅದು ಮನೆಗೆ ಮರಳಿದ ಮೇಲೆ ಮಳೆಯಲ್ಲಿ ನೆನೆದು ಓದಲಾಗದ ಸ್ಥಿತಿಗೆ ಬಂದಿತ್ತು. ಆ ವಿದ್ಯಾರ್ಥಿಗಳಲ್ಲಿ ಮೋಡಿಯನ್ನು ಮನೆಯ ಹಿರಿಯರಿಂದ ಕಲಿತು ಪಳಗಿದವಳು ಒಬ್ಬಳೇ. ಅವಳ ಪ್ರತಿ ಯಾವುದೆಂದು ತಿಳಿದಿದ್ದರೂ ಒಂದು ನಿರ್ಧಾರಕ್ಕೆ ಬರಬಹುದಾಗಿತ್ತು. ಯಂತ್ರವನ್ನು ಕೇಳಿದರೆ ಎರಡು ಕಡತಗಳಿಗೂ ಅದು ಹೇಳಿದ ಒಡೆಯನ ಹೆಸರು ಒಂದೇ: ‘ಸ್ಟೂಡೆಂಟ್’. ಇಡೀ ತರಗತಿಗೆ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು!

ಗಣಕದ ಸಂಬಂಧದಲ್ಲಿ ಖಾತೆ ಎಂಬ ಮಾತು ಮೂಲತಃ ರೂಪಕವಲ್ಲ. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಪದ್ಧತಿಯನ್ನು ಅಮೆರಿಕದ ಎಂ. ಐ. ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರೂ ಅವರ ಸಂಗಡಿಗರೂ 1961ರಲ್ಲಿ ಮಾಡಿ ತೋರಿಸಿದರು. ಯಂತ್ರದ ಹೊತ್ತು ಬಲು ದುಬಾರಿಯಾಗಿದ್ದ ಆ ದಿನಗಳಲ್ಲಿ ಯಾರು ಎಷ್ಟು ಬಳಸಿದರೆಂಬ ಲೆಕ್ಕ ಬೇಕಾಗಿತ್ತು. ಆದಕಾರಣ ನಮ್ಮ ಹಳ್ಳಿಯ ಖಾತೇದಾರನಿಗಿರುವ ಖಾತೆಯಂತೆಯೇ ಅದೂ ಹಕ್ಕು ಹೊಣೆಗಳೆರಡನ್ನೂ ಹೊತ್ತ ಖಾತೆ. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಈ ಪದ್ಧತಿಯನ್ನು ಮುಂದುವರಿಸಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತೊಡಗಿಸಿದ ಲಿನಕ್ಸ್ ಅದನ್ನೇ ಅನುಸರಿಸಿತು. ಕಾಸರಗೋಡಿನ ಕನ್ನಡ ಶಾಲೆಗಳನ್ನೂ ಒಳಗೊಂಡು ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸಿನ ಮೇಲೆಯೇ ಎಂಬುದನ್ನು ನೆನೆದರೆ, ಇದು ಕೆಲವೇ ತಜ್ಞರ ವಿಷಯವೆನ್ನುವಂತಿಲ್ಲ.

ಈ ವ್ಯವಸ್ಥೆಯ ಖಾತೆಪಟ್ಟಿಯು ಒಂದು ಸಾದಾ ಕಡತ. ಒಬ್ಬ ಬಳಕೆದಾರನಿಗೆ ಒಂದು ಸಾಲು. ಸಾಲಿನಲ್ಲಿ ಏಳು ಅಂಕಣಗಳು. ಅಂಕಣ ಅಂಕಣಗಳ ನಡುವೆ ವಿವರಣ ಚಿಹ್ನೆಯ ಎರಡು ಚುಕ್ಕೆ. ಖಾತೆಯ ಹೆಸರು, ಪಾಸ್‌ವರ್ಡಿನ ಸ್ಥಳ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ವ್ಯಕ್ತಿಯ ವಿವರ, ಅವನ ಕಡತಗಳಿರುವ ಮನೆ, ಅವನ ಆಜ್ಞೆಗಳನ್ನು ಸ್ವೀಕರಿಸುವ ಕಾರ್ಯಕ್ರಮ, ಇವೇ ಆ ಏಳು. ಪಾಸ್‌ವರ್ಡು ಈಗ ಅಲ್ಲಿರುವುದಿಲ್ಲ. ‘ಶ್ಯಾಡೋ’ ಎಂಬ ಬೇರೆ ಕಡತದಲ್ಲಿ ಗೂಢರೂಪದಲ್ಲಿರುತ್ತದೆ. ಐದನೆಯ ಅಂಕಣದ ಕಥೆ ಸ್ವಾರಸ್ಯವಾದುದು. ಬೆಲ್ ಪ್ರಯೋಗಶಾಲೆಯವರು ಮುದ್ರಣದ ಕೆಲಸವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ‘ಗೆಕೋಸ್’ ವ್ಯವಸ್ಥೆಯುಳ್ಳ ಮತ್ತೊಂದು ಯಂತ್ರಕ್ಕೆ ಕಳುಹಿಸುತ್ತಿದ್ದರು. ಅದಕ್ಕೆ ಬೇಕಾದ ಗುರುತನ್ನು ಈ ಅಂಕಣದಲ್ಲಿ ಬರೆದಿಡುತ್ತಿದ್ದರು. ಆ ಯಂತ್ರ ಹೋಯಿತು, ಅಂಕಣಕ್ಕೆ ಗೆಕೋಸ್ ಎಂಬ ಹೆಸರು ನಿಂತಿತು. ಮುಂಬಯಿ ಸರ್ಕಾರದ 1950ರ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾದರೂ ಕುಲಕರ್ಣಿ ಎಂಬ ಅಡ್ಡಹೆಸರು ನಮ್ಮ ನಡುವೆ ಉಳಿದಿಲ್ಲವೆ? ಇಂಥ ಅವಶೇಷಗಳನ್ನು ಓದಬಲ್ಲವನಿಗೆ ಈ ಪಟ್ಟಿ ಒಣ ಲೆಕ್ಕವಾಗಿ ಕಾಣುವುದಿಲ್ಲ.

ಇನ್ನು ಕೈಪಿಡಿಗಳ ಮಾತು. ನಮ್ಮ ವಿದ್ಯಾರ್ಥಿಗಳ ಕೈಗೆ ಬರುವ ಟಿಪ್ಪಣಿಗಳು ಹೊಸ ಖಾತೆಯ ವಿಷಯವನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತವೆ: ಖಾತೆ ತೆರೆಯುವ ಆಜ್ಞೆಯೊಂದು, ಪಾಸ್‌ವರ್ಡ್ ಕೊಡುವ ಆಜ್ಞೆಯೊಂದು. ‘ಯೂಸರ್‌ಆ್ಯಡ್’ ಮತ್ತು ‘ಆ್ಯಡ್‌ಯೂಸರ್’ ಎಂಬ, ಹೆಸರಿನಲ್ಲಿ ಅವಳಿಗಳಂತಿರುವ ಎರಡು ಆಜ್ಞೆಗಳ ಭೇದವನ್ನೂ ಹಲವು ಟಿಪ್ಪಣಿಗಳು ಹೇಳುವುದಿಲ್ಲ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಮೊದಲನೆಯದು ಮಿತಭಾಷಿ. ಪ್ರತ್ಯೇಕವಾಗಿ ಹೇಳದ ಹೊರತು ಬಳಕೆದಾರನಿಗೆ ಮನೆಯನ್ನೂ ಕಟ್ಟಿಕೊಡದು, ಯಾರೆಂದೂ ಕೇಳದು. ಎರಡನೆಯದು ಮನೆ ಕಟ್ಟಿ, ಮಾದರಿ ಕಡತಗಳನ್ನು ಅದರೊಳಗಿಟ್ಟು, ಪಾಸ್‌ವರ್ಡ್ ಬರೆಸಿಕೊಂಡು, ಪೂರ್ಣ ಹೆಸರು, ಕೋಣೆಯ ಸಂಖ್ಯೆ, ದೂರವಾಣಿ ಇವನ್ನೆಲ್ಲ ಒಂದೊಂದಾಗಿ ಕೇಳುತ್ತದೆ. ಹೀಗೆ ಕೇಳುವ ಪ್ರಶ್ನೆಗಳಿಗೆ ಬರಿದೆ ‘ಎಂಟರ್’ ಕೀಲಿಯನ್ನು ಒತ್ತುತ್ತ ಹೋಗಿರೆಂದು ಟಿಪ್ಪಣಿಗಳು ಕಲಿಸುತ್ತವೆ. ಇದನ್ನು ನಾವು ಒಪ್ಪಲಾರೆವು. ಜನಗಣತಿಯವನು ಮನೆಬಾಗಿಲಿಗೆ ಬಂದು ಹೆಸರು ಕೇಳಿದಾಗ ಸುಮ್ಮನೆ ತಲೆಯಾಡಿಸಿ ಕಳುಹಿಸಿದಂತಾಯಿತು.

ಏಕೆಂದರೆ ಮೊದಲನೆಯ ಅಂಕಣದಲ್ಲಿ ನಮ್ಮ ಹೆಸರು ನಮ್ಮದಾಗಿ ಉಳಿಯುವುದಿಲ್ಲ. ಖಾತೆಯ ಹೆಸರು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿರಬೇಕು. ಅಂಕಿಗಳೂ ಕಿರುಗೆರೆ ಅಡಿಗೆರೆಗಳೂ ಸೇರಬಹುದು. ಉದ್ದ 32 ಅಕ್ಷರಗಳನ್ನು ಮೀರಬಾರದು. ಹಳೆಯ ಯುನಿಕ್ಸಿನಲ್ಲಿ ಎಂಟೇ ಅಕ್ಷರ. ಈ ನಿಯಮಕ್ಕೆ ಹೊಂದದ ಹೆಸರನ್ನು ಆಜ್ಞೆಯ ಪರಿಭಾಷೆಯಲ್ಲಿ ‘ಬ್ಯಾಡ್ ನೇಮ್’, ಅಂದರೆ ಕೆಟ್ಟ ಹೆಸರು, ಎಂದು ಕರೆಯುತ್ತಾರೆ. ಈ ಲೆಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಹೆಸರುಗಳೆಲ್ಲ ಕೆಟ್ಟ ಹೆಸರುಗಳೇ! ನಿಯಮಕ್ಕೆ ಕಾರಣವಿಲ್ಲವೆಂದಲ್ಲ, ಈ ಹೆಸರನ್ನು ನಂಬಿ ನಡೆಯುವ ಹಳೆಯ ಕಾರ್ಯಕ್ರಮಗಳು ಅನೇಕ. ಆದರೆ ಫಲವೇನಾಗುತ್ತದೆಂಬುದನ್ನು ನೋಡಬೇಕು. ಮೋರಟಗಿ ಎಂಬುದು ಊರಿನ ಹೆಸರು, ಮನೆತನದ ಅಡ್ಡಹೆಸರೂ ಹೌದು. ಊರಿನಲ್ಲೇ ಇರುವವನನ್ನು ಊರಿನ ಹೆಸರಿನಿಂದ ಗುರುತಿಸುವ ಅಗತ್ಯವಿಲ್ಲ; ಊರು ಬಿಟ್ಟು ಬೇರೆಡೆ ನೆಲೆಸಿದವನಿಗೆ ಅದು ಅಂಟಿಕೊಳ್ಳುತ್ತದೆ. ಹಾಗಾಗಿ ಅಡ್ಡಹೆಸರು ವಲಸೆಯ ಒಂದು ಸಾಕ್ಷಿ. ರೋಮನ್ ಸಣ್ಣಕ್ಷರಕ್ಕೆ ಇಳಿಸಿದಾಗ ಅದರ ದೀರ್ಘ ‘ಮೋ’ ಹ್ರಸ್ವವಾಗಬಹುದು, ‘ಟ’ಕಾರ ‘ತ’ಕಾರಗಳ ಭೇದ ಅಳಿಯುತ್ತದೆ, ನಡುವಿನ ಸ್ವರ ಒಬ್ಬನ ಬರಹದಲ್ಲಿ ಉಳಿದು ಇನ್ನೊಬ್ಬನ ಬರಹದಲ್ಲಿ ಹಾರಿಹೋಗುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಬಗೆಯ ಕಾಗುಣಿತದಿಂದ ಎರಡು ಮನೆತನದವರಂತೆ ಕಾಣುತ್ತಾರೆ. ಇತ್ತ ತರಗತಿಯಲ್ಲಿ ಬಸವರಾಜರು ಮೂವರಿದ್ದರೆ ಯಂತ್ರ ಒಂದೇ ಹೆಸರಿನ ಎರಡನೆಯ ಖಾತೆಯನ್ನು ಒಪ್ಪದು; ಬಸವರಾಜ ಒಂದು, ಎರಡು, ಮೂರು ಎಂದು ಅಂಕಿ ಹಚ್ಚುತ್ತಾರೆ. ಯಾವ ಅಂಕಿ ಯಾರದೆಂಬುದು ಪ್ರಯೋಗಾಲಯದ ಸಹಾಯಕನ ನೆನಪಿನಲ್ಲಿ ಮಾತ್ರ ಇರುತ್ತದೆ.

ಇದಕ್ಕೆ ಪರಿಹಾರ ಆ ಉಪೇಕ್ಷಿತವಾದ ಐದನೆಯ ಅಂಕಣದಲ್ಲಿಯೇ ಇದೆ. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ದೊರೆಯಿತು. ಯುನಿಕ್ಸಿನ ಕರ್ತೃವಾದ ಥಾಂಪ್ಸನ್ ಅವರೇ ರಾಬ್ ಪೈಕ್ ಅವರೊಡನೆ 1992ರಲ್ಲಿ ರೂಪಿಸಿದ ಯು. ಟಿ. ಎಫ್.-8 ಎಂಬ ಸಂಕೇತಕ್ರಮ ಅದನ್ನು ಸಾದಾ ಕಡತಗಳೊಳಗೆ ಬರೆಯುವಂತೆ ಮಾಡಿತು. ‘ಯೂಸರ್‌ಆ್ಯಡ್’ ಆಜ್ಞೆಯೊಂದಿಗೆ ವಿವರವನ್ನು ಕೊಡುವಾಗ ವಿದ್ಯಾರ್ಥಿಯ ಹೆಸರು, ತಂದೆಯ ಅಥವಾ ತಾಯಿಯ ಹೆಸರು, ಅಡ್ಡಹೆಸರು, ಊರು ಇವನ್ನು ಕನ್ನಡದಲ್ಲಿಯೇ ಬರೆಯಬಹುದು. ಅಂಕಣಗಳನ್ನು ಬೇರ್ಪಡಿಸುವ ಎರಡು ಚುಕ್ಕೆ ಅದರೊಳಗೆ ಬರಕೂಡದು. ಅಲ್ಪವಿರಾಮವನ್ನೂ ವರ್ಜಿಸುವುದು ಒಳ್ಳೆಯದು, ಏಕೆಂದರೆ ಕೋಣೆ, ದೂರವಾಣಿ ಮೊದಲಾದ ಒಳವಿಭಾಗಗಳನ್ನು ಅದರಿಂದಲೇ ಬೇರ್ಪಡಿಸುತ್ತಾರೆ.

ಹೆಸರಿಗಿಂತಲೂ ಗಂಭೀರವಾದುದು ಸಂಖ್ಯೆಯ ಪ್ರಶ್ನೆ. ಕಡತವೊಂದರ ಒಡೆಯನಾಗಿ ಯಂತ್ರ ಬರೆದಿಟ್ಟುಕೊಳ್ಳುವುದು ಹೆಸರನ್ನಲ್ಲ, ಮೂರನೆಯ ಅಂಕಣದ ಸಂಖ್ಯೆಯನ್ನು. ನಾವು ಕೇಳಿದಾಗ ಅದು ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ, ಎದುರಿಗಿರುವ ಹೆಸರನ್ನು ಹೇಳುತ್ತದೆ, ಅಷ್ಟೇ. ಯಂತ್ರದ ಸರ್ವಾಧಿಕಾರಿಯಾದ ‘ರೂಟ್’ನ ಸಂಖ್ಯೆ ಸೊನ್ನೆ, ಜನಸಾಮಾನ್ಯರದು ಈಗ ಸಾಮಾನ್ಯವಾಗಿ 1000ದಿಂದ ಆರಂಭ. ವರ್ಷದ ಕೊನೆಗೆ ತೇರ್ಗಡೆಯಾಗಿ ಹೋದ ವಿದ್ಯಾರ್ಥಿಯ ಖಾತೆಯನ್ನು ಪ್ರಯೋಗಾಲಯದವರು ಅಳಿಸುತ್ತಾರೆ. ಅವನ ಮನೆಯನ್ನೂ ಅಳಿಸಬೇಕೆಂದು ವಿಶೇಷವಾಗಿ ಹೇಳದಿದ್ದರೆ ಕಡತಗಳು ಉಳಿಯುತ್ತವೆ, 1004 ಎಂಬ ಬರಿಯ ಸಂಖ್ಯೆಯನ್ನು ಹೊತ್ತುಕೊಂಡು. ಮುಂದೆ ‘ಆ್ಯಡ್‌ಯೂಸರ್’ ಹೊಸಬನಿಗೆ ತೆರವಾಗಿರುವ ಮೊದಲನೆಯ ಸಂಖ್ಯೆಯನ್ನು ಕೊಡುತ್ತದೆ. ಅದು 1004 ಆದರೆ, ಹಳಬನು ಓದಿ ಬರೆದುದೆಲ್ಲ ಆ ಕ್ಷಣದಿಂದ ಹೊಸಬನದು! ಅವನು ಅದನ್ನು ತಿದ್ದಲೂ ಬಹುದು. ನಮ್ಮ ಕಂದಾಯದ ಲೆಕ್ಕದಲ್ಲಿ ಒಂದು ಹೊಲದ ಸರ್ವೆ ನಂಬರು ಹೊಲ ಮಾರಾಟವಾದರೂ ಉಳಿಯುತ್ತದೆ, ಪಾಲಾದರೆ ಹಿಸ್ಸಾ ನಂಬರು ಸೇರುತ್ತದೆ. ಒಡೆಯ ಸತ್ತನೆಂದು ಆ ನಂಬರನ್ನು ಮತ್ತೊಂದು ಹೊಲಕ್ಕೆ ಹಚ್ಚುವುದಿಲ್ಲ. ತಲಾಟಿಯ ದಫ್ತರದಲ್ಲಿರುವ ಈ ಎಚ್ಚರ ಕಾಲೇಜಿನ ಪ್ರಯೋಗಾಲಯದಲ್ಲಿ ಇಲ್ಲವೆಂದರೆ ಏನೆನ್ನಬೇಕು? ಹೋದವನ ಖಾತೆಯನ್ನು ಅಳಿಸದೆ, ಅದರ ಅವಧಿ ಮುಗಿಯಿತೆಂದು ದಾಖಲಿಸಿ ಮುಚ್ಚುವ ಸೌಲಭ್ಯ ‘ಯೂಸರ್‌ಮಾಡ್’ ಆಜ್ಞೆಯಲ್ಲಿದೆ. ಸಾಲು ಪಟ್ಟಿಯಲ್ಲಿ ಉಳಿಯುತ್ತದೆ, ಸಂಖ್ಯೆ ಬೇರೆಯವರಿಗೆ ಹೋಗದು, ಯಾರೂ ಆ ಹೆಸರಿನಿಂದ ಒಳಬರಲಾಗದು. ನಾವು ನೋಡಿದ ಟಿಪ್ಪಣಿಗಳಲ್ಲಿ ಇದರ ಪ್ರಸ್ತಾಪವೇ ವಿರಳ.

ಪ್ರತಿಯೊಬ್ಬನಿಗೂ ಬೇರೆ ಖಾತೆ ಎಂದರೆ ಶ್ರಮ ಹೆಚ್ಚೆಂದು ಆಕ್ಷೇಪಿಸುವವರುಂಟು. ಹಾಜರಿ ಪುಸ್ತಕದಂತೆ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದು ‘ನ್ಯೂಯೂಸರ್ಸ್’ ಎಂಬ ಆಜ್ಞೆಗೆ ಒಪ್ಪಿಸಿದರೆ ಇಡೀ ತರಗತಿಯ ಖಾತೆಗಳು ಒಮ್ಮೆಗೇ ತೆರೆಯುತ್ತವೆ. ಆದುದರಿಂದ ಈ ಆಕ್ಷೇಪಕ್ಕೆ ಹೆಚ್ಚು ಬೆಲೆಯಿಲ್ಲ. ಶ್ರಮ ಹೆಚ್ಚೇ ಎಂದು ಇಟ್ಟುಕೊಂಡರೂ, ನಮ್ಮ ರೈತರು ಉತಾರ ಎನ್ನುವ ಪಹಣಿಯ ವಿಷಯದಲ್ಲಿ ಏನು ಮಾಡಿದರೆಂಬುದನ್ನು ನೋಡಬಹುದು. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಇಳಿಸಿದಾಗ, ನೌಕರನು ಬೆರಳ ಗುರುತನ್ನು ಕೊಟ್ಟೇ ಒಳಹೋಗಬೇಕೆಂದು ಗೊತ್ತುಪಡಿಸಿತು. ಆ ಗಣಕಗಳ ವ್ಯವಸ್ಥೆ ಯುನಿಕ್ಸ್ ವರ್ಗದ್ದಲ್ಲ. ಆದರೆ ತಿದ್ದಿದವನು ಮುಂದೆ ನಾನಲ್ಲವೆನ್ನಕೂಡದೆಂಬ ತತ್ತ್ವ ಸ್ಪಷ್ಟವಾಗಿತ್ತು. ಇಂದಿನ ಹೊಲದ ಒಡೆತನಕ್ಕೆ ಸಲ್ಲುವ ಕಾಳಜಿ ಅದೇ ಹೊಲದ ಇನ್ನೂರು ವರ್ಷದ ಹಿಂದಿನ ಪಾಲುಪತ್ರಕ್ಕೆ ಏಕೆ ಸಲ್ಲಬಾರದು?

ಹಾಗೆಂದು ಖಾತೆಪಟ್ಟಿ ಎಲ್ಲವನ್ನೂ ಹೇಳುವುದೆಂದು ನಾವು ವಾದಿಸುವುದಿಲ್ಲ. ಯುನಿಕ್ಸ್ ಕಡತದ ಮೇಲೆ ಒಬ್ಬ ಒಡೆಯನನ್ನೂ ಕೊನೆಯ ತಿದ್ದುಪಡಿಯ ವೇಳೆಯನ್ನೂ ಬರೆದಿಡುತ್ತದೆ. ಕೊನೆಗೆ ತಿದ್ದಿದವರಾರೆಂದು ಬರೆದಿಡುವುದಿಲ್ಲ. ಗುಂಪಿನವರೆಲ್ಲ ತಿದ್ದಬಹುದಾದ ಕಡತದಲ್ಲಿ ಈ ಕೊರತೆ ದೊಡ್ಡದು. ‘ರೂಟ್’ ಅಧಿಕಾರವುಳ್ಳವನು ಒಡೆತನವನ್ನೇ ಬದಲಿಸಬಲ್ಲನು. ಗೆಳೆಯನಿಗೆ ಪಾಸ್‌ವರ್ಡ್ ಕೊಟ್ಟವನನ್ನು ಯಾವ ಯಂತ್ರವೂ ತಡೆಯಲಾರದು. ಆದಕಾರಣ ಪ್ರತಿ ಮಾಡಿದವರ ಹೆಸರು, ಮಾಡಿದ ದಿನ, ಮೂಲ ಕಾಗದ ಯಾರ ಮನೆಯದು ಎಂಬುದು ಪ್ರತಿಯ ಒಡಲಿನಲ್ಲಿಯೂ ಇರತಕ್ಕದ್ದು. ಓಲೆಗರಿಯ ಲಿಪಿಕಾರರು ಇದನ್ನು ಮಾಡುತ್ತಿದ್ದರು.

ಮತ್ತೊಂದು ಮಾತು ಉಳಿದಿದೆ. ಒಂದು ಯಂತ್ರದ ಡಿಸ್ಕನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಜೋಡಿಸಿದಾಗ ಕಡತಗಳೊಂದಿಗೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ಹೊಸ ಯಂತ್ರ ತನ್ನ ಪಟ್ಟಿಯಲ್ಲಿ ಆ ಸಂಖ್ಯೆಯುಳ್ಳವನನ್ನು ಹುಡುಕಿ, ಮೋರಟಗಿಯ ಕಾಗದವನ್ನು ಕಾಣದವನನ್ನೂ ಅದರ ಲಿಪಿಕಾರನೆಂದು ಹೇಳಿಬಿಡುತ್ತದೆ. ಆದುದರಿಂದ ವಿಭಾಗಗಳು ಇಂಥ ಪ್ರತಿಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸುವಾಗ ಆ ವರ್ಷದ ಖಾತೆಪಟ್ಟಿಯ ಒಂದು ಪ್ರತಿಯನ್ನೂ, ಪಾಸ್‌ವರ್ಡುಗಳಿರುವ ಶ್ಯಾಡೋ ಕಡತವನ್ನು ಹೊರತುಪಡಿಸಿ, ಕಟ್ಟಿನೊಳಗೆ ಇರಿಸಬೇಕು. ಕಾಗದದ ಮೇಲೆ ಮುದ್ರಿಸಿ ವಿಭಾಗದ ಮುಖ್ಯಸ್ಥರ ಸಹಿಯೊಡನೆ ಇರಿಸಿದರೆ ಇನ್ನೂ ಲೇಸು.