ಎಂ.ಪಿ. ಗಣೇಶ್: ಕೊಡಗಿನ ಹಾಕಿ ನಾಯಕ

ಮೊಳ್ಳೇರ ಪೂವಯ್ಯ ಗಣೇಶ್ 1946ರಲ್ಲಿ ಕೊಡಗಿನಲ್ಲಿ ಹುಟ್ಟಿದರು. ಮೊದಲು ಒಲಿದದ್ದು ಫುಟ್‌ಬಾಲ್. ಸೇನೆ ಸೇರಿದ ಮೇಲೆ ಹಾಕಿಗೆ ಹೊರಳಿದರು. ಆಗಿನ ಭಾರತದಲ್ಲಿ ಹಾಕಿ ಆಟಗಾರನ ಹೊಟ್ಟೆ ತುಂಬಿಸುತ್ತಿದ್ದುದು ಆಟವಲ್ಲ, ನೌಕರಿ. 1971ರ ಬಾರ್ಸಿಲೋನಾ ವಿಶ್ವಕಪ್ ಮತ್ತು 1972ರ ಮ್ಯೂನಿಕ್ ಒಲಿಂಪಿಕ್ಸ್, ಎರಡರಲ್ಲೂ ಕಂಚು ಗೆದ್ದ ತಂಡದಲ್ಲಿ ಅವರಿದ್ದರು.

1973ರಲ್ಲಿ ನಾಯಕನ ಪಟ್ಟ ಸಿಕ್ಕಿತು. ಆಮ್‌ಸ್ಟೆಲ್ವೀನ್‌ನ ವಿಶ್ವಕಪ್ ಫೈನಲ್‌ನಲ್ಲಿ ಆತಿಥೇಯ ನೆದರ್ಲೆಂಡ್ಸ್ ವಿರುದ್ಧ ಭಾರತ ಆರಂಭದಲ್ಲೇ ಎರಡು ಗೋಲು ಹೊಡೆದಿತ್ತು. ಡಚ್ಚರು ಎರಡನ್ನೂ ತೀರಿಸಿದರು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲೇ ಕಪ್ ಕೈಜಾರಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ನಿಜ. ಆದರೂ ಆ ಬೆಳ್ಳಿ ಸಣ್ಣದೇನಲ್ಲ.

ಅದೇ ವರ್ಷದ ಅರ್ಜುನ ಪ್ರಶಸ್ತಿ ಅವರದಾಯಿತು. ಮುಂದೆ ಭಾರತ ತಂಡಕ್ಕೆ ತರಬೇತುದಾರರೂ ಆದರು. ಪದ್ಮಶ್ರೀ ಬಂದದ್ದು 2020ರಲ್ಲಿ.