ದೊಡ್ಡ ಕಾಯಿಲ್ ಹಾಕಿದರೆ ಆಳದ ಚಿನ್ನ ಸಿಗುತ್ತದೆಯೇ?

1980ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಿಂಗೋವರ್ ಬಳಿ ಕೆವಿನ್ ಹಿಲ್ಲಿಯರ್ ಅವರ ಮೆಟಲ್ ಡಿಟೆಕ್ಟರ್‌ಗೆ 27 ಕಿಲೋ ತೂಕದ ಚಿನ್ನದ ಗಟ್ಟಿಯೊಂದು ಸಿಕ್ಕಿತು. ‘ಹ್ಯಾಂಡ್ ಆಫ್ ಫೇತ್’ ಎಂದು ಹೆಸರಾದ ಆ ಗಟ್ಟಿ ಹುದುಗಿದ್ದದ್ದು ಸುಮಾರು ಒಂದಡಿ ಆಳದಲ್ಲಿ. ಅದೇ ಸೀಮೆಯ ಮೊಲಿಯಾಗಲ್‌ನಲ್ಲಿ 1869ರಲ್ಲಿ ದೊರೆತ ‘ವೆಲ್ಕಮ್ ಸ್ಟ್ರೇಂಜರ್’ ಮೇಲೆ ಇದ್ದದ್ದಂತೂ ಮೂರೇ ಸೆಂಟಿಮೀಟರ್ ಮಣ್ಣು. ಹೀಗಿದ್ದರೂ ಚಿನ್ನ ಹುಡುಕುವವರ ಹಂಬಲವೆಲ್ಲ ಆಳದ ಮೇಲೆ. ಡಿಟೆಕ್ಟರ್ ಕೊಂಡವರ ಮುಂದಿನ ಖರೀದಿ ಹೆಚ್ಚಾಗಿ ಇನ್ನೂ ದೊಡ್ಡದೊಂದು ಕಾಯಿಲ್.

ಕಾಯಿಲ್ ದೊಡ್ಡದಾದಷ್ಟೂ ಆಳದ ಚಿನ್ನ ಸಿಗುತ್ತದೆಂಬ ನಂಬಿಕೆ ಅರ್ಧ ನಿಜ. ಸುಳ್ಳಾದ ಉಳಿದರ್ಧ ಹಣವನ್ನೂ ತಿನ್ನುತ್ತದೆ, ಕೈಗೆ ಬರಬೇಕಾದ ಚಿನ್ನವನ್ನೂ ನೆಲದಲ್ಲೇ ಬಿಟ್ಟುಬರುತ್ತದೆ.

ಕಾಯಿಲ್ ಎಂದರೆ ತಂತಿಯ ಸುತ್ತು. ಅದರಲ್ಲಿ ಹರಿಯುವ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರ ಚಿನ್ನದಲ್ಲಿ ಸುಳಿ ಪ್ರವಾಹ ಎಬ್ಬಿಸುತ್ತದೆ. ಆ ಪ್ರವಾಹದ ಕ್ಷೀಣ ಪ್ರತಿಧ್ವನಿಯನ್ನು ಕಾಯಿಲ್ ಮತ್ತೆ ಹಿಡಿಯಬೇಕು. ದೂರ ಹೋದಂತೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಹೋಗುವಾಗಲೂ ಬರುವಾಗಲೂ ಇದೇ ನಷ್ಟವಾದ್ದರಿಂದ, ಹೆಚ್ಚು ಆಳದಲ್ಲಿ ದೂರ ಇಮ್ಮಡಿಯಾದರೆ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಳವನ್ನು ಗೆಲ್ಲುವುದು ಇಷ್ಟು ಕಷ್ಟ.

20 ಸೆಂಟಿಮೀಟರ್ ಅಗಲದ ಕಾಯಿಲ್ ಒಂದು, 40 ಸೆಂಟಿಮೀಟರಿನದು ಇನ್ನೊಂದು. ಸುತ್ತುಗಳೂ ವಿದ್ಯುತ್ತೂ ಸಮ ಎಂದುಕೊಂಡು ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಐದು ಸೆಂಟಿಮೀಟರ್ ಆಳದಲ್ಲಿ ಚಿಕ್ಕ ಕಾಯಿಲ್ ಕೊಡುವ ಸಂಕೇತವೇ ಸುಮಾರು ಎರಡೂವರೆ ಪಟ್ಟು ಜೋರು. ಹತ್ತು ಸೆಂಟಿಮೀಟರಿನ ಹತ್ತಿರ ಎರಡೂ ಸರಿಸಮ. ಅಲ್ಲಿಂದ ಕೆಳಗೆ ದೊಡ್ಡದರದೇ ಮೇಲುಗೈ: 40 ಸೆಂಟಿಮೀಟರಿನಲ್ಲಿ ಅದು ಹತ್ತಿರಹತ್ತಿರ ಹತ್ತು ಪಟ್ಟು ಮುಂದಿರುತ್ತದೆ. ಆದರೆ ಈ ಮೇಲುಗೈಯನ್ನು ಆಳಕ್ಕೆ ಪರಿವರ್ತಿಸಿದಾಗ ಉತ್ಸಾಹ ತಗ್ಗುತ್ತದೆ. ಚಿಕ್ಕ ಕಾಯಿಲ್ 15 ಸೆಂಟಿಮೀಟರಿನವರೆಗೆ ಕೇಳಿಸಿಕೊಳ್ಳಬಲ್ಲ ಗಟ್ಟಿಯನ್ನು ದೊಡ್ಡದು ಸುಮಾರು 20ರವರೆಗೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಅಗಲ ಎಷ್ಟೇ ಇರಲಿ, ಅದನ್ನು ಇಮ್ಮಡಿ ಮಾಡಿದ್ದಕ್ಕೆ ಸಿಗುವ ಆಳ 1.6 ಪಟ್ಟನ್ನು ಮುಟ್ಟುವುದಿಲ್ಲ. ಅದೂ ಕಾಗದದ ಮೇಲೆ.

ನೆಲದ ಮೇಲೆ ಇಷ್ಟೂ ಸಿಗದಿರುವುದಕ್ಕೆ ಮೊದಲ ಕಾರಣ ಮಣ್ಣು. ವಿಕ್ಟೋರಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಸೀಮೆಗಳಲ್ಲಿ ಕಬ್ಬಿಣದ ಅಂಶ ತುಂಬಿದ ಕೆಂಪು ನೆಲ ಹೇರಳ. ನಮ್ಮ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದ ಜಾತಿಯದೇ. ಆ ಮಣ್ಣೂ ಕಾಂತಕ್ಷೇತ್ರಕ್ಕೆ ಉತ್ತರ ಕೊಡುತ್ತದೆ. ಅಗಲ ಎರಡು ಪಟ್ಟಾದರೆ ಕಾಯಿಲ್‌ನ ಹಿಡಿತಕ್ಕೆ ಬರುವ ಮಣ್ಣು ಸುಮಾರು ಎಂಟು ಪಟ್ಟು. ಹುಡುಕುತ್ತಿರುವ ಗಟ್ಟಿ ಮಾತ್ರ ಅಷ್ಟೇ ಗಾತ್ರದ್ದು. ಸಂತೆಯ ಗದ್ದಲದಲ್ಲಿ ಮಗುವಿನ ದನಿ ಹುಡುಕಿದ ಹಾಗೆ. ವಿದ್ಯುತ್ ತಂತಿಗಳ, ಮಿಂಚಿನ ಅಡ್ಡಿಯನ್ನೂ ದೊಡ್ಡ ಸುತ್ತು ಹೆಚ್ಚಾಗಿ ಹೀರುತ್ತದೆ. ತೂಕ ಬೇರೆ. ಸುಸ್ತಾದ ತೋಳು ಕಾಯಿಲನ್ನು ನೆಲದಿಂದ ನಾಲ್ಕು ಸೆಂಟಿಮೀಟರ್ ಮೇಲೆತ್ತಿ ಬೀಸತೊಡಗಿದರೆ, ದುಡ್ಡು ಕೊಟ್ಟು ಕೊಂಡ ಆಳವೆಲ್ಲ ಗಾಳಿಯ ಪಾಲು.

ಎರಡನೆಯ ಕಾರಣ ಚಿನ್ನದ್ದೇ ಸ್ವಭಾವ, ಕೊಳ್ಳುವವರು ಗಮನಿಸದೇ ಹೋಗುವುದು ಇದನ್ನೇ. ಪಲ್ಸ್ ಇಂಡಕ್ಷನ್ ಯಂತ್ರ ಸ್ಪಂದವೊಂದನ್ನು ಕಳಿಸಿ, ಅದು ನಿಂತ ಬಳಿಕ ಕಿವಿಗೊಡುತ್ತದೆ. ಗಟ್ಟಿಯ ಅಡ್ಡಳತೆ ಅರ್ಧವಾದರೆ ಅದರಲ್ಲಿನ ಸುಳಿ ಪ್ರವಾಹ ಬಾಳುವ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ. ಸಣ್ಣ ಹರಳಿನ ಉತ್ತರ ಕೆಲವು ಮೈಕ್ರೋಸೆಕೆಂಡಿನಲ್ಲೇ, ದೊಡ್ಡ ಕಾಯಿಲ್ ಕಿವಿಗೊಡುವ ಮೊದಲೇ, ಮುಗಿದುಹೋಗುತ್ತದೆ. ಅದಕ್ಕೇ ಅರ್ಧ ಗ್ರಾಂ ಚಿನ್ನದ ಮುಂದೆ ದೊಡ್ಡ ಕಾಯಿಲ್ ಮೂಕವಾಗುವುದು. ಇನ್ನು ಕೋಲಾರದಂತೆ ಬೆಣಚುಕಲ್ಲಿನೊಳಗೆ ಕಣಕಣವಾಗಿ ಹರಡಿದ ಚಿನ್ನವನ್ನಂತೂ ಯಾವ ಗಾತ್ರದ ಕಾಯಿಲೂ ಗುರುತಿಸಲಾರದು. ಅಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಗಣಿ ತೋಡಿ ಅದಿರನ್ನು ಅರೆಯಬೇಕಾಯಿತು.

ತಯಾರಕರ ಆಯ್ಕೆಗಳಲ್ಲೇ ಈ ಸತ್ಯ ಕಾಣುತ್ತದೆ. ಮೈನ್‌ಲ್ಯಾಬ್ ಕಂಪನಿ 2021ರಲ್ಲಿ ತಂದ ಜಿಪಿಎಕ್ಸ್ 6000 ಡಿಟೆಕ್ಟರಿಗೆ 11 ಇಂಚಿನ ದುಂಡು ಕಾಯಿಲ್, 14 ಇಂಚಿನ ಡಬಲ್-ಡಿ, 17 ಇಂಚಿನ ಅಂಡಾಕಾರದ್ದು ಇವೆ. ಸಣ್ಣ ಚಿನ್ನಕ್ಕೆಂದೇ ಮಾಡಿದ ಗೋಲ್ಡ್ ಮಾನ್‌ಸ್ಟರ್ 1000ಕ್ಕೆ ಕೊಟ್ಟದ್ದು ಐದು ಇಂಚಿನದು ಮತ್ತು ಹತ್ತು-ಆರು ಇಂಚಿನ ಅಂಡಾಕಾರದ್ದು. 2015ರ ಜಿಪಿಝಡ್ 7000ಕ್ಕೆ ಮೊದಲ ಕಾಯಿಲ್ 14 ಇಂಚಿನದು. 19 ಇಂಚಿನದನ್ನು ಬೇಕಾದವರು ಪ್ರತ್ಯೇಕವಾಗಿ ಕೊಳ್ಳಬೇಕು. ಈ ಅನುಕ್ರಮ ಸರಿಯಾಗಿದೆ. ಕಾಯಿಲ್‌ನ ಗಾತ್ರದಂತೆಯೇ ಸುತ್ತಿದ ಬಗೆಯೂ ಮುಖ್ಯ: ಕಳಿಸಲೂ ಕೇಳಲೂ ಒಂದೇ ಸುತ್ತಿರುವ ಮೊನೊ ಕಾಯಿಲ್ ಸಾಮಾನ್ಯ ನೆಲದಲ್ಲಿ ಆಳಕ್ಕೆ ಇಳಿಯುತ್ತದೆ, ಕಬ್ಬಿಣದ ಕಾಟ ಹೆಚ್ಚಿದ್ದಲ್ಲಿ ಎರಡಕ್ಕೂ ಬೇರೆಬೇರೆ ಸುತ್ತಿರುವ ಡಬಲ್-ಡಿ ಶಾಂತವಾಗಿ ಕೆಲಸ ಮಾಡುತ್ತದೆ.

ಹಾಗೆಂದು ದೊಡ್ಡ ಕಾಯಿಲ್ ದಂಡವೆನ್ನಲಾಗದು. ಹಿಂದೆ ದೊಡ್ಡ ಗಟ್ಟಿಗಳು ಸಿಕ್ಕಿದ ದಾಖಲೆಯಿರುವ, ಮೇಲ್ಪದರವನ್ನು ಹತ್ತಾರು ಜನ ಆಗಲೇ ಜಾಲಾಡಿರುವ, ಮಣ್ಣು ಸೌಮ್ಯವಾದ ಬಯಲಿನಲ್ಲಿ ಅದಕ್ಕೆ ಸಾಟಿಯಿಲ್ಲ. ಒಂದು ಬೀಸಿಗೆ ಹೆಚ್ಚು ನೆಲ ಮುಗಿಯುವುದರಿಂದ ಹೊಸ ಜಾಗ ಪತ್ತೆಗೂ ಅನುಕೂಲ. ಆದರೆ ಒಂದೇ ಕಾಯಿಲ್ ಕೊಳ್ಳುವ ಶಕ್ತಿಯಿರುವವರು 11 ಇಂಚಿನ ಆಸುಪಾಸಿನದನ್ನೇ ಆರಿಸಿಕೊಳ್ಳುವುದು ಲೇಸು. ಎರಡನೆಯದಕ್ಕೆ ಹಣ ಕೂಡಿದಾಗ ಮೊದಲು ಚಿಕ್ಕದು, ಆಮೇಲೆ ದೊಡ್ಡದು. ಮಾರುವವರು ಹೇಳುವ ಆಳದ ಅಂಕಿಯನ್ನು ಕೇಳಿದಾಗ, ಅದು ಎಷ್ಟು ಗ್ರಾಂ ಗಟ್ಟಿಗೆ, ಯಾವ ಮಣ್ಣಿನಲ್ಲಿ ಬಂದದ್ದು ಎಂದು ವಿಚಾರಿಸಬೇಕು. ಬರಿಗಾಳಿಯಲ್ಲಿ ನಾಣ್ಯ ಹಿಡಿದು ಅಳೆದ ಅಂಕಿಗೆ ಕಿಂಗೋವರ್‌ನ ಕೆಂಪು ನೆಲದಲ್ಲಿ ಬೆಲೆಯಿಲ್ಲ.