ಕಂಪವಾತದ ಚರಿತ್ರೆಯಲ್ಲಿ ಮೂತ್ರಬಾಧೆ: ಒಂದು ಆಕರವಿಮರ್ಶೆ

ಪಾರ್ಕಿನ್ಸನ್ ರೋಗವು ನಮ್ಮ ಪ್ರಾಚೀನರಿಗೆ 'ಕಂಪವಾತ'ವೆಂಬ ಹೆಸರಿನಿಂದ ಸಂಪೂರ್ಣವಾಗಿ ವಿದಿತವಾಗಿತ್ತೆಂದು ವೈದ್ಯಚರಿತ್ರೆಯನ್ನು ಬರೆಯುವವರು ಹೇಳುತ್ತ ಬಂದಿರುವರು. ಈ ಮಾತನ್ನು ಒಪ್ಪುವ ಮೊದಲು ನಾವು ಕೇಳಬೇಕಾದ ಪ್ರಶ್ನೆಯೊಂದುಂಟು. ಅಂಥ ರೋಗಿಯನ್ನು ರಾತ್ರಿಯಲ್ಲಿ ಹಲವು ಸಲ ಎಬ್ಬಿಸುವ ಮೂತ್ರಬಾಧೆಯನ್ನು ಆ ಗ್ರಂಥಗಳು ಕಂಪದೊಡನೆ ಕೂಡಿಸಿ ಹೇಳಿವೆಯೆ?

ಮಾಧವನಿದಾನವು ಸರ್ವಾಂಗಕಂಪವನ್ನು 'ವೇಪಥು'ವೆಂದು ಕರೆದು ವಾತವ್ಯಾಧಿಗಳಲ್ಲಿ ಎಣಿಸಿದೆ. ಮೂತ್ರಾಘಾತಕ್ಕೆ ಅಲ್ಲಿ ಬೇರೆಯೇ ಅಧ್ಯಾಯ. ಸುಶ್ರುತಸಂಹಿತೆಯ ಉತ್ತರತಂತ್ರವು 12 ಮೂತ್ರಾಘಾತಗಳನ್ನು ವರ್ಣಿಸುತ್ತದೆ. ಅವುಗಳಲ್ಲಿಯೂ ವಾತಕ್ಕೆ ಪ್ರಾಧಾನ್ಯವುಂಟೆಂಬುದು ನಿಜ. ಆದರೆ ದೋಷವು ಒಂದೆಂದ ಮಾತ್ರಕ್ಕೆ ರೋಗವೂ ಒಂದಾಗಲಾರದು.

ಪಾಶ್ಚಾತ್ಯ ಆಕರವೂ ಈ ವಿಷಯದಲ್ಲಿ ಹೆಚ್ಚು ವಿಶ್ವಾಸಾರ್ಹವಲ್ಲ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ರೋಗಿಗಳು ಆರು ಮಂದಿ. ಅವರಲ್ಲಿ ಇಬ್ಬರನ್ನು ಆತನು ಬೀದಿಯಲ್ಲಿ ಆಕಸ್ಮಿಕವಾಗಿ ಸಂಧಿಸಿದನು, ಒಬ್ಬನನ್ನು ದೂರದಿಂದ ಮಾತ್ರ ಕಂಡನು. ದಾರಿಹೋಕನಲ್ಲಿ ಮೂತ್ರದ ವಿಚಾರವನ್ನು ಕೇಳುವುದೆಂತು? ಮಲಬದ್ಧತೆಯನ್ನು ಗಮನಿಸಿದ ಆತನು, ಅರಿವಿಲ್ಲದೆ ಮೂತ್ರ ಹೋಗುವುದನ್ನು ಕಟ್ಟಕಡೆಯ ಅವಸ್ಥೆಗೆ ಸೇರಿಸಿ ಮುಂದುವರಿದನು. ಕಣ್ಣಿಗೆ ಕಾಣುವ ನಡುಕವೇ ರೋಗದ ಹೆಸರಾಯಿತು.

ಮೂತ್ರಕೋಶವನ್ನು ತುಂಬುವ ತನಕ ತಡೆದಿಡುವುದರಲ್ಲಿ ಮಿದುಳಿನ ಡೋಪಮೈನಿಗೆ ಪಾತ್ರವಿದೆಯೆಂದೂ, ಅದು ಕುಗ್ಗಿದಾಗ ಕೋಶವು ಅಕಾಲದಲ್ಲಿ ಸಂಕುಚಿಸುವುದೆಂದೂ ಈಗ ತಿಳಿದಿದೆ. ಇದು ಬರಿಯ ಮುಪ್ಪಿನ ದೋಷವಲ್ಲ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಇದನ್ನು ಪ್ರಾಯದ ತಲೆಗೆ ಕಟ್ಟುವುದೇ ರೂಢಿ. ಬಚ್ಚಲು ಕಕ್ಕಸುಗಳು ಹಿತ್ತಲಿನಲ್ಲಿರುವ ಹಳೆಯ ಮನೆ, ಆಷಾಢದ ಮಳೆ, ಪಾಚಿಗಟ್ಟಿದ ಅಂಗಳ, ಹೆಜ್ಜೆ ಏಳದ ಕಾಲು! ಬೀಳುವ ಭಯದಿಂದ ವೃದ್ಧರು ಸಂಜೆಯಿಂದಲೇ ಎನ್ನುವುದಕ್ಕಿಂತ ದಿನವಿಡೀ ನೀರನ್ನು ಬಿಡುತ್ತಾರೆ. ಮಲಬದ್ಧತೆ ಹೆಚ್ಚುತ್ತದೆ, ಅದರಿಂದ ಮೂತ್ರಬಾಧೆಯೂ ಹೆಚ್ಚುತ್ತದೆ. ಸೊಸೆಯ ಮುಂದೆ ಈ ಮಾತನ್ನೆತ್ತಲು ಅವರಿಗೆ ನಾಚಿಕೆ. ವೈದ್ಯರು ನಡುಕವನ್ನೇ ಕೇಳುತ್ತಾರೆ, ಇವರೂ ನಡುಕವನ್ನೇ ಹೇಳುತ್ತಾರೆ.

ಪ್ರಾಚೀನಪಕ್ಷದವರು ನಸುಗುನ್ನಿಯನ್ನು ಮುಂದಿಡುವರು. ಅದರ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿ ಲೆವೊಡೋಪವನ್ನು ಬೇರ್ಪಡಿಸಿದ್ದು ಸತ್ಯ, ಅಭಿಮಾನಾಸ್ಪದವೂ ಹೌದು. ಆದರೆ ಲೆವೊಡೋಪದಿಂದ ಮೂತ್ರಬಾಧೆಯು ಎಲ್ಲರಲ್ಲಿಯೂ ಶಮನವಾಗುವುದಿಲ್ಲ. ಕೆಲವರಲ್ಲಿ ಉಲ್ಬಣಿಸುವುದೂ ಉಂಟು. ಗುಳಿಗೆಯನ್ನು ಸೇವಿಸುತ್ತಿರುವವರು ವೈದ್ಯರಿಗೆ ತಿಳಿಸದೆ ಈ ಬೀಜದ ಪುಡಿಯನ್ನೂ ಸೇವಿಸಿದರೆ ಔಷಧದ ಪ್ರಮಾಣ ಮಿತಿಮೀರಬಹುದು.

ಈ ಮೂರು ತಾಲೂಕುಗಳಲ್ಲಿ ವೃದ್ಧರ ಬಾಯಿಂದ ಚರಿತ್ರೆಯನ್ನು ಸಂಗ್ರಹಿಸಹೊರಡುವ ವಿದ್ಯಾರ್ಥಿಗಳು ನಡುಕವು ಎಂದು ತೊಡಗಿತೆಂದು ಕೇಳುವುದರೊಡನೆ, ರಾತ್ರಿ ಎಷ್ಟು ಸಲ ಏಳುವಿರಿ, ಯಾರು ಕೈಹಿಡಿಯುವರು ಎಂಬುದನ್ನೂ ಕೇಳಿ ಬರೆದಿಡಬೇಕು.